ರಾವಣನ ರೇನ್‌ಕೋಟು

ದಸರೆ ಹತ್ತಿರ ಬಂತು ಅಂದರೆ ದಾಂಡೇಲಿಯ ಮಂದಿ ಆಕಾಶ ನೋಡೋದು ಜಾಸ್ತಿ ಆಗುತ್ತದೆ. ಗದ್ದೆ ಇದ್ದವರು ಭತ್ತದ ಚಿಂತೆಗೆ ನೋಡುತ್ತಾರೆ, ಸರಿ. ಗದ್ದೆ ಇಲ್ಲದವರು ಯಾಕೆ ನೋಡಬೇಕು ಹೇಳಿ? ರಾವಣ ಎಲ್ಲಿ ನೆನೆದುಬಿಡುತ್ತಾನೋ ಅಂತ. ಮಳೆಗಾಲ ಮುಗಿಯಿತು ಅನ್ನುವ ಹೊತ್ತಿಗೇ ನಮ್ಮ ಕಡೆ ಮಧ್ಯಾಹ್ನದ ಮೇಲೆ ಗುಡುಗು ಶುರುವಾಗೋದು. ಅದಕ್ಕೆ ಪಂಚಾಂಗ ನೋಡುವ ಅಭ್ಯಾಸ ಇಲ್ಲ. ಬಂಗೂರನಗರದ ಡಿಲಕ್ಸ್ ಮೈದಾನದಲ್ಲಿ ಹತ್ತು ತಲೆ ಹೊತ್ತು ನಿಂತವನಿಗೆ ತಾಡಪತ್ರಿ ಹೊದಿಸೋಣ ಅಂದರೂ ಎಷ್ಟು ತಲೆಗೆ ಅಂತ ಹೊದಿಸ್ತೀರಿ? ಲಂಕಾಧಿಪತಿಗೆ ರೇನ್‌ಕೋಟು ಹೊಲಿಯುವ ದರ್ಜಿ ನಮ್ಮೂರಲ್ಲಂತೂ ಇಲ್ಲ. ಅಳತೆ ತಗೊಳ್ಳೋಕೇ ಏಣಿ ಬೇಕು, ಅಲ್ವಾ ವೈನಿ?

ನಮ್ಮೂರ ರಾಮಲೀಲಾದಲ್ಲಿ ನನಗೆ ರಾಮನಿಗಿಂತ ರಾವಣನ ಒಳಗಿನ ಸಾಮಾನಿನ ಮೇಲೆ ಕಣ್ಣು. ಬಿದಿರಿನ ಹಂದರ, ಮೇಲೆ ಕಾಗದ, ಬಣ್ಣ, ಹೊಟ್ಟೆ ತುಂಬ ಪಟಾಕಿ. ಬಿದಿರು ಮತ್ತು ಕಾಗದ! ವೆಸ್ಟ್ ಕೋಸ್ಟ್ ಪೇಪರ್ ಮಿಲ್ಲಿನ ಊರಲ್ಲಿ ರಾವಣನೂ ಅದರಿಂದಲೇ ಹುಟ್ಟಬೇಕಲ್ಲ. ರಾಜಸ್ಥಾನ ಮೂಲದ ಬಂಗೂರ್ ಮನೆತನದವರು 1955ರಲ್ಲಿ ಕಂಪನಿ ಕಟ್ಟಿದರು, 1959ರಿಂದ ಕಾಗದ ಹೊರಬಂತು. ಯಂತ್ರದ ಜತೆ ಮಂದಿ ಬಂದರು, ಮಂದಿಯ ಜತೆ ಉತ್ತರದ ಕಡೆಯ ರಾಮಲೀಲಾ ಬಂತು. ಈಗ ಅದು ಯಾರದು ಅಂತ ಕೇಳಿ ನೋಡಿ. ಕೊಂಕಣಿಯವರು ನಮ್ಮದು ಅನ್ನುತ್ತಾರೆ, ಮರಾಠಿಯವರು ನಮ್ಮದು ಅನ್ನುತ್ತಾರೆ, ತೆಲುಗಿನವರು, ಉರ್ದುವಿನವರು, ಧಾರವಾಡದ ಕಡೆಯಿಂದ ಬಂದ ನಮ್ಮಂಥವರು ಎಲ್ಲರೂ ನಮ್ಮದೇ ಅಂತೀವಿ. ರಾವಣನನ್ನ ಸುಡುವ ದಿನವೇ ದಾಂಡೇಲಪ್ಪನ ಜಾತ್ರೆಯೂ ಇರೋದರಿಂದ ಅತ್ತ ಕಾಯಿ ಒಡೆಸಿಕೊಂಡು ಬಂದವರು ಇತ್ತ ಬೆಂಕಿ ನೋಡುತ್ತಾರೆ. ಬಾಣ ಬಿಡೋದು ರಾಮನ ಕೆಲಸ, ಆದರೆ ಮಕ್ಕಳ ಓಟು ಯಾವಾಗಲೂ ಕುಂಭಕರ್ಣನಿಗೆ. ಅವನು ಹೊತ್ತಿಕೊಳ್ಳೋದು ತಡವಾದರೆ ಪಕ್ಕದಲ್ಲಿ ಯಾರಾದರೂ ಹೇಳೇ ಹೇಳುತ್ತಾರೆ, ಇನ್ನೂ ಎಚ್ಚರ ಆಗಿಲ್ಲ ಬಿಡ್ರಿ ಅಂತ.

ಈ ಮಾತು ಯಾಕೆ ತೆಗೆದೆ ಅಂದರೆ, ನಿಮ್ಮ ತಂಗಿಯ ಮಗ ಕ್ಯಾಲಿಫೋರ್ನಿಯಾದಿಂದ ಬಂದಿದ್ದಾಗ ಒಂದು ಸುದ್ದಿ ಹೇಳಿದ್ದನಲ್ಲ, ನೆನಪಿದೆಯಾ? ಅಲ್ಲಿ ಓಕ್‌ಲ್ಯಾಂಡ್ ಅಂತ ಊರು. ಅಲ್ಲೊಂದು ದೊಡ್ಡ ಹಳೇ ಗೋದಾಮು, ಹೆಸರು ಕ್ರೂಸಿಬಲ್. ಮೈಕಲ್ ಸ್ಟರ್ಟ್ಸ್ ಅನ್ನೋ ಶಿಲ್ಪಿ 1999ರಲ್ಲಿ ಶುರುಮಾಡಿದ್ದಂತೆ. ಒಳಗೆ ಹೋದರೆ ಕುಲುಮೆ ಇದೆ, ಎರಕದ ಮನೆ ಇದೆ, ಗಾಜು ಊದುವ ಒಲೆ ಇದೆ, ವೆಲ್ಡಿಂಗ್ ಇದೆ, ಕುಂಬಾರನ ಚಕ್ರ ಇದೆ. ಯಾರು ಬೇಕಾದರೂ ಹೋಗಿ ಕಲಿಯಬಹುದು. ಅದೂ ಸಾಲದು ಅಂತ ಆಗಾಗ ಸಂಜೆ ಬಾಗಿಲು ತೆರೆದು ಊರವರನ್ನೆಲ್ಲ ಕರೆಯುತ್ತಾರೆ. ಒಂದು ಸಂಜೆಗೆ ಒಂದು ವಿಷಯ. ಇವತ್ತು ಗಾಜು, ಇನ್ನೊಂದು ಸಲ ಕಬ್ಬಿಣ, ಮತ್ತೊಂದು ಸಲ ಬೆಂಕಿ. ಬೆಂಕಿ ಇಟ್ಟುಕೊಂಡು ಒಪೆರಾ ಆಡಿದ್ದಾರೆ, ಬ್ಯಾಲೆ ಕುಣಿದಿದ್ದಾರೆ. ಹುಡುಗ ಕಣ್ಣರಳಿಸಿ ಹೇಳುತ್ತಿದ್ದ, ನೀವು ಶೇಂಗಾ ಬಿಡಿಸುತ್ತಾ ಕೇಳಿ, ಕೊನೆಗೆ ಒಂದೇ ಮಾತು ಅಂದಿರಿ: ‘ಇದರಾಗ ಏನೈತೋ ಹೊಸಾದು? ನಮ್ಮಲ್ಲಿ ರಾವಣನ್ನ ಸುಡ್ತಾರಲ್ಲ!’

ಅವನ ಮುಖ ನೋಡಬೇಕಿತ್ತು.

ಆದರೆ ಅವನು ಹೇಳಿದ್ದರಲ್ಲಿ ನನಗೆ ಮಜಾ ಅನ್ನಿಸಿದ್ದು ಬೇರೆ. ಅವನು ಒಂದು ಭಾನುವಾರ ಅಲ್ಲಿ ದುಡ್ಡು ಕೊಟ್ಟು ಕಬ್ಬಿಣ ಬಡಿದು ಬಂದನಂತೆ. ಡಾಲರಿನಲ್ಲಿ ದುಡ್ಡು! ಇಡೀ ದಿನ ಸುತ್ತಿಗೆ ಬೀಸಿ, ಅಂಗೈ ಬೊಬ್ಬೆ ಬರಿಸಿಕೊಂಡು, ಗೋಡೆಗೆ ಹೊಡೆಯುವ ಒಂದು ಕೊಕ್ಕೆ ಮಾಡಿಕೊಂಡು ಬಂದನಂತೆ. ಅವನ ಅಜ್ಜ ಹಳಿಯಾಳದಲ್ಲಿ ಇದ್ದಾಗ ಕುಡಗೋಲಿಗೆ ಹಲ್ಲು ಹಾಕಿಸೋಕೆ ಕಮ್ಮಾರನ ಹತ್ತಿರ ಹೋದರೆ ಇದೇ ಕೆಲಸವನ್ನ ಬಿಟ್ಟಿ ಮಾಡಿ ಬರಬೇಕಿತ್ತು. ‘ಸುಮ್ಮನ ಯಾಕ ಕುಂತಿ, ಒಂದೀಟು ತಿದಿ ಒತ್ತು’ ಅಂತ ಕಮ್ಮಾರ ಹೇಳಿದರೆ ಇಲ್ಲ ಅನ್ನುವ ಹಾಗಿರಲಿಲ್ಲ, ಯಾಕಂದರೆ ಇಲ್ಲ ಅಂದವನ ಕುಡಗೋಲು ಸಾಲಿನಲ್ಲಿ ಕೊನೆಗೆ ಹೋಗುತ್ತಿತ್ತು. ಗಿರಾಕಿಯೇ ತಿದಿ ಒತ್ತಬೇಕು, ಗಿರಾಕಿಯೇ ದೊಡ್ಡ ಸುತ್ತಿಗೆ ಎತ್ತಬೇಕು, ಕೊನೆಗೆ ಕೂಲಿಯನ್ನೂ ಗಿರಾಕಿಯೇ ಕೊಡಬೇಕು. ಅಜ್ಜ ಭತ್ತ ಅಳೆದು ಕೊಟ್ಟರು, ಮೊಮ್ಮಗ ಕಾರ್ಡು ಉಜ್ಜಿ ಕೊಟ್ಟ, ವ್ಯತ್ಯಾಸ ಅಷ್ಟೇ.

ಕುಲುಮೆ ಅಂದರೆ ಬರೀ ಕಬ್ಬಿಣದ ಜಾಗ ಅಲ್ಲ ನೋಡಿ. ಊರಿನ ಅರ್ಧ ಮದುವೆ ಮಾತುಕತೆ ಅಲ್ಲೇ ಆಗಿದೆ. ಚಳಿಗಾಲದ ಬೆಳಿಗ್ಗೆ ಬೆಚ್ಚಗೆ ಇರೋ ಜಾಗ ಅದೊಂದೇ, ಹಾಗಾಗಿ ಕೆಲಸ ಇಲ್ಲದವರೂ ಅಲ್ಲಿ ಇರುತ್ತಿದ್ದರು. ಮೊದಲು ಚರ್ಮದ ತಿದಿ ಇತ್ತು, ಆಮೇಲೆ ಸೈಕಲ್ ಚಕ್ರಕ್ಕೆ ಪಟ್ಟಿ ಕಟ್ಟಿ ಕೈಯಲ್ಲಿ ತಿರುಗಿಸುವ ಪಂಖ ಬಂತು, ಈಗ ಕರೆಂಟಿನ ಬ್ಲೋವರ್ ಬಂದಿದೆ. ಸ್ವಿಚ್ ಹಾಕಿದರೆ ಗಾಳಿ. ಕಬ್ಬಿಣಕ್ಕೆ ಒಳ್ಳೇದಾಯಿತು, ಹರಟೆಗೆ ಪೆಟ್ಟು ಬಿತ್ತು. ತಿರುಗಿಸೋಕೆ ಕೈ ಬೇಡ ಅಂದ ಮೇಲೆ ಕುಳಿತವನನ್ನ ಯಾರು ಕೇಳುತ್ತಾರೆ? ಕಬ್ಬಿನ ಹಂಗಾಮಿನಲ್ಲಿ ಕೊಯ್ತಾ ಮಾಡಿಸೋಕೆ ಬಂದವರು ಈಗ ಫೋನ್ ನೋಡುತ್ತಾ ನಿಂತಿರುತ್ತಾರೆ. ಅವರ ಕಣ್ಣೆದುರೇ ಕಬ್ಬಿಣ ಕೆಂಪಾಗಿ, ಕಿತ್ತಳೆಯಾಗಿ, ಹಳದಿಗೆ ತಿರುಗುತ್ತದೆ. ಯಾವ ಬಣ್ಣಕ್ಕೆ ಹೊರಗೆ ತೆಗೆಯಬೇಕು, ಎಷ್ಟು ಹೊತ್ತು ನೀರಿಗೆ ಅದ್ದಿದರೆ ಅಲಗು ಗಟ್ಟಿಯಾಗುತ್ತದೆ, ಎಷ್ಟು ಹೆಚ್ಚಾದರೆ ಕಲ್ಲಿಗೆ ತಾಗಿದ ಕೂಡಲೇ ಚಟ್ ಅಂತ ಮುರಿಯುತ್ತದೆ ಅನ್ನೋದೆಲ್ಲ ಆ ಬಣ್ಣದಲ್ಲೇ ಇದೆ. ಅದನ್ನ ಯಾವ ಮೀಟರೂ ಇಲ್ಲದೆ ಕಣ್ಣಳತೆಯಲ್ಲೇ ಹಿಡಿಯುವ ಮನುಷ್ಯ ಎದುರಿಗೆ ಕೂತಿದ್ದಾನೆ. ಓಕ್‌ಲ್ಯಾಂಡಿನಲ್ಲಿ ಆ ಬಣ್ಣ ನೋಡೋಕೆ ಟಿಕೆಟ್ಟು.

ನಮ್ಮಲ್ಲೂ ಟಿಕೆಟ್ ಇಲ್ಲದೆ ಎಲ್ಲ ಶಟರೂ ಮೇಲೇರುವ ಸಂಜೆ ಒಂದಿದೆ ಬಿಡಿ. ಖಂಡೆ ಪೂಜೆ, ಆಯುಧ ಪೂಜೆ ಅಂತಾರಲ್ಲ ಅದು. ನಿಮ್ಮ ಮೈದುನನ ಲೇತ್ ಅಂಗಡಿಯನ್ನೇ ನೋಡಿ. ವರ್ಷವಿಡೀ ಒಳಗೆ ಇಣುಕಿದರೆ ‘ಅತ್ತ ಸರೀರಿ’ ಅನ್ನುವ ಮನುಷ್ಯ ಅವತ್ತು ಬಾಗಿಲಲ್ಲೇ ನಿಂತು ಬರ್ರಿ ಬರ್ರಿ ಅಂತ ಕರೆಯುತ್ತಾನೆ. ನನಗೆ ಮೊದಲು ಅವನ ಗುರುತೇ ಸಿಗೋದಿಲ್ಲ. ಗ್ರೀಸ್ ಇಲ್ಲದ ಮುಖ, ಬಿಳಿ ಪಂಚೆ, ಹಣೆಗೆ ಕುಂಕುಮ. ಲೇತಿಗೂ ಕುಂಕುಮ, ಡ್ರಿಲ್ಲಿಂಗ್ ಮಷಿನ್ನಿಗೆ ವಿಭೂತಿ ಪಟ್ಟೆ, ಗ್ರೈಂಡಿಂಗ್ ಚಕ್ರಕ್ಕೆ ಚೆಂಡುಹೂವಿನ ಮಾಲೆ. ಸ್ಪಾನರುಗಳನ್ನ ಹಳೇ ಪೇಪರಿನ ಮೇಲೆ ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ಮಲಗಿಸಿರುತ್ತಾನೆ. ವರ್ಷದಲ್ಲಿ ಅವೆಲ್ಲ ಒಟ್ಟಿಗೆ ಸಿಗೋದು ಅವತ್ತೊಂದೇ ದಿನ. 14ರ ನಂಬರಿನದು ಮಾತ್ರ ಅವತ್ತೂ ಕಾಣೆ. ಎಲ್ಲ ಗ್ಯಾರೇಜಿನಲ್ಲೂ ಆ 14ರದ್ದೇ ಯಾಕೆ ಕಾಣೆಯಾಗುತ್ತದೋ, ಇದನ್ನ ಯಾರಾದರೂ ವಿಚಾರಿಸಬೇಕು ಅಲ್ವಾ?

ಕ್ಯಾಲ್ಕುಲೇಟರಿಗೂ ಕುಂಕುಮ ಬಿತ್ತು, ಉದ್ರಿ ಬರೆಯುವ ಖಾತೆ ಪುಸ್ತಕಕ್ಕೂ ಬಿತ್ತು. ಆ ಪುಸ್ತಕಕ್ಕೆ ಎರಡು ಸಲ ಇಡಬೇಕಿತ್ತು, ಅದರಲ್ಲಿರೋ ವಸೂಲಿಗೆ ದೇವರೇ ಬರಬೇಕು. ಒಂದು ವರ್ಷ ಅವನ ಮಗಳು ತನ್ನ ಜಾಮಿಟ್ರಿ ಬಾಕ್ಸ್ ತಂದು ಸಾಲಿನ ಕೊನೆಗೆ ಇಟ್ಟಳು. ವರ್ನಿಯರ್ ಕ್ಯಾಲಿಪರಿನ ಪಕ್ಕದಲ್ಲೇ ಕೈವಾರ. ಅವನು ಒಂದು ಮಾತೂ ಆಡದೆ ಅದಕ್ಕೂ ಹೂ ಏರಿಸಿದ.

ಆಮೇಲೆ ಬೂದಗುಂಬಳಕಾಯಿ. ಅದರೊಳಗೆ ಕುಂಕುಮ, ಚಿಲ್ಲರೆ. ರಸ್ತೆ ನಡುವೆ ಒಡೆದರೆ ಮಕ್ಕಳು ಚಿಲ್ಲರೆಗೆ ಮುಗಿಬೀಳುತ್ತಾರೆ, ಬೈಕಿನವರು ಜಾರುತ್ತಾರೆ. ಚಕ್ರದ ಕೆಳಗೆ ನಿಂಬೆಹಣ್ಣು. ಕೈಗೆ ಚುರುಮುರಿ, ಪೇಡೆ, ಬಾಳೆಹಣ್ಣು. ಹುಡುಗರಿಗೆ ಯಾವ ಗ್ಯಾರೇಜಿನಲ್ಲಿ ಬರೀ ಚುರುಮುರಿ, ಎಲ್ಲಿ ಪೇಡೆ ಅಂತ ಪಕ್ಕಾ ಲೆಕ್ಕ. ಪ್ಲಾಸ್ಟಿಕ್ ಚೀಲ ಹಿಡಿದು ಅಂಗಡಿಯಿಂದ ಅಂಗಡಿಗೆ ಹೊರಡುವ ಆ ದಂಡನ್ನ ನೋಡಿದರೆ ಯಾವ ಇನ್‌ಸ್ಪೆಕ್ಟರೂ ಇಷ್ಟು ಚೆನ್ನಾಗಿ ವರ್ಕ್‌ಶಾಪುಗಳ ತಪಾಸಣೆ ಮಾಡಿರಲಾರ ಅನ್ನಿಸುತ್ತದೆ.

ಒಂದೇ ಒಂದು ಕೊರತೆ ಇದೆ. ಅವತ್ತು ಯಂತ್ರ ಓಡೋದಿಲ್ಲ! ಲೇತ್ ನೋಡೋಕೆ ಕರೆದು ಲೇತ್ ನಿಲ್ಲಿಸಿರುತ್ತಾರೆ. ಅದು ಸರಿಯೇ, ಆಯುಧಕ್ಕೂ ಒಂದು ದಿನ ರಜ ಬೇಕು. ಆದರೆ ಹುಡುಗರು ಹೂವಿನ ಮಾಲೆ ಹಾಕಿದ ಕಬ್ಬಿಣದ ದಿಮ್ಮಿಯನ್ನ ನೋಡಿ, ಪೇಡೆ ತಿಂದು, ಮನೆಗೆ ಹೋಗುತ್ತಾರೆ. ಚಕ್ ತಿರುಗುವಾಗ ಕಬ್ಬಿಣ ಸಿಪ್ಪೆ ಸುಲಿದುಕೊಂಡು ನೀಲಿ ಬಣ್ಣದ ಸುರುಳಿಯಾಗಿ ಹೊರಬರೋದನ್ನ ಎಷ್ಟು ಮಕ್ಕಳು ನೋಡಿದ್ದಾರೆ? ನಾನು ಚಿಕ್ಕವನಿದ್ದಾಗ ಆ ಸುರುಳಿ ಆರಿಸಿಕೊಂಡು ಬಂದು ಬೆಂಕಿಪೆಟ್ಟಿಗೆಯಲ್ಲಿ ಇಟ್ಟುಕೊಳ್ಳುತ್ತಿದ್ದೆ. ನಮ್ಮ ಅವ್ವ ಅದನ್ನ ಕಂಡರೆ ಚೀರುತ್ತಿದ್ದಳು, ಬ್ಲೇಡಿಗಿಂತ ಹರಿತ ಅದು.

ಇನ್ನು ವೆಲ್ಡಿಂಗ್. ವೆಲ್ಡಿಂಗ್ ಅಂಗಡಿ ಮುಂದೆ ಹೋಗುವಾಗ ಅದನ್ನ ನೋಡಬೇಡ ಅಂತ ಹೇಳಿಸಿಕೊಳ್ಳದ ಮಗು ಈ ತಾಲೂಕಿನಲ್ಲಿ ಇರಲಿಕ್ಕಿಲ್ಲ. ನೋಡಬೇಡ ಅಂದದ್ದಕ್ಕೇ ನೋಡೋದು. ಅದರ ಚೋದ್ಯ ಏನು ಗೊತ್ತಾ, ನೋಡಿದ ಕೂಡಲೇ ಏನೂ ಆಗೋದಿಲ್ಲ. ಆಟ ಆಡಿ, ಊಟ ಮಾಡಿ, ಮಲಗಿ, ನಡುರಾತ್ರಿಗೆ ಎದ್ದರೆ ಕಣ್ಣಲ್ಲಿ ಹಿಡಿ ಮರಳು ಸುರಿದ ಹಾಗೆ ಉರಿ. ಆ ಬೆಳಕಿನಲ್ಲಿ ನಮ್ಮ ಕಣ್ಣಿಗೆ ಕಾಣದ ಅತಿನೇರಳೆ ಕಿರಣ ಇರುತ್ತದೆ, ಅದು ಕಣ್ಣಿನ ಮೇಲ್ಪದರವನ್ನ ಬಿಸಿಲಿಗೆ ಚರ್ಮ ಸುಟ್ಟಂತೆ ಸುಡುತ್ತದೆ, ನೋವು ಗೊತ್ತಾಗೋಕೆ ಕೆಲವು ತಾಸು ಬೇಕು. ಅದಕ್ಕೇ ಬೈಸಿಕೊಂಡ ಜಾಗ ಒಂದು, ಅಳುವ ಜಾಗ ಇನ್ನೊಂದು. ಮನೆಮದ್ದಿನ ಪಟ್ಟಿ ಆಗಿನ ಕಾಲದಲ್ಲಿ ಉದ್ದ ಇತ್ತು. ಆಲೂಗಡ್ಡೆ ಹೋಳು, ಗುಲಾಬಿ ನೀರು, ಇನ್ನೂ ಹೇಳಬಾರದ್ದೆಲ್ಲ. ಈಗ ಡಾಕ್ಟರ ಹತ್ತಿರ ಹೋಗಿ ಅಂತಾರೆ, ಅದೇ ಸರಿ. ಆದರೆ ನನ್ನ ತಕರಾರು ಬೇರೆ. ‘ನೋಡಬೇಡ’ ಅನ್ನುವ ಬದಲು ಆ ಕಪ್ಪು ಗಾಜಿನ ಮುಖವಾಡ ಕೈಗೆ ಕೊಟ್ಟು ‘ಈಗ ನೋಡು’ ಅಂದವರು ಎಷ್ಟು ಮಂದಿ? ಆ ಗಾಜಿನ ಒಳಗಿಂದ ನೋಡಿದರೆ ಸುತ್ತ ಎಲ್ಲ ಕತ್ತಲು, ನಡುವೆ ಒಂದು ಚೂರು ಹಸಿರು ಬೆಳಕು, ಅದರ ಹಿಂದೆ ಕರಗಿದ ಕಬ್ಬಿಣ ಹನಿಯಾಗಿ ತೆವಳುತ್ತದೆ. ಒಂದು ಸಲ ಹಾಗೆ ನೋಡಿದ ಹುಡುಗ ಮತ್ತೆ ಬರಿಗಣ್ಣಲ್ಲಿ ನೋಡೋದಿಲ್ಲ.

ಮಾತು ಎಲ್ಲಿಗೋ ಹೋಯಿತು. ಕಾಗದದ್ದು ಹೇಳಬೇಕಿತ್ತು.

ನಮ್ಮೂರಿಗೆ ಮೊದಲ ಸಲ ಬಂದ ನೆಂಟರು ಬಸ್ಸಿಳಿದು ಮೂಗು ಅರಳಿಸಿ ‘ಇದೇನ್ ವಾಸನಿ?’ ಅಂತಾರೆ. ನಾವು ‘ಯಾವ ವಾಸನಿ?’ ಅಂತೀವಿ. ನಾಟಕ ಅಲ್ಲ, ನಿಜವಾಗಿ ನಮಗೆ ಬರೋದಿಲ್ಲ! ಕಟ್ಟಿಗೆಯ ಚೂರನ್ನ ಸೋಡಾ, ಗಂಧಕ ಸೇರಿದ ಔಷಧದಲ್ಲಿ ಬೇಯಿಸಿ ನಾರು ಬಿಡಿಸುವಾಗ ಹುಟ್ಟುವ ವಾಸನೆ ಅದು. ಪ್ರಪಂಚದಲ್ಲಿ ಹೀಗೆ ಕಾಗದ ಮಾಡುವ ಊರಿಗೆಲ್ಲ ಇರೋದೇ. ನಮ್ಮ ಹುಡುಗರು ಹುಬ್ಬಳ್ಳಿಯಲ್ಲಿ ಹಾಸ್ಟೆಲ್ ಸೇರಿ ತಿಂಗಳ ಮೇಲೆ ಊರಿಗೆ ಬಂದಾಗ ಮಾತ್ರ ಮೂಗಿಗೆ ಬಡಿದು, ಓಹೋ ಮನೆ ಬಂತು ಅಂದುಕೊಳ್ಳುತ್ತಾರೆ. ನನ್ನ ಪ್ರಶ್ನೆ ಏನಂದರೆ, 1959ರಿಂದ ಕಾಗದದ ಊರು ಅಂತ ಕರೆಸಿಕೊಂಡ ಈ ಊರಿನಲ್ಲಿ, ತನ್ನ ಕೈಯಾರೆ ಒಂದು ಹಾಳೆ ಕಾಗದ ಮಾಡಿದ ಮಕ್ಕಳು ಎಷ್ಟಿದ್ದಾರೆ? ಎಣಿಸೋಕೆ ಒಂದು ಕೈ ಸಾಕಾಗಬಹುದು.

ಕಷ್ಟ ಏನಿಲ್ಲ. ಹಳೇ ನೋಟ್‌ಬುಕ್ಕು ಹರಿದು ರಾತ್ರಿ ನೀರಲ್ಲಿ ನೆನೆಹಾಕಿ. ಬೆಳಿಗ್ಗೆ ಮಿಕ್ಸರಿನಲ್ಲಿ ತಿರುವಿ. ಇಲ್ಲಿ ಮನೆಯಲ್ಲಿ ಜಗಳ ಆಗುತ್ತದೆ, ಚಟ್ನಿ ರುಬ್ಬುವ ಜಾರು ಅಂತ. ಆಗಲಿ. ಆ ಗಂಜಿಯನ್ನ ದೊಡ್ಡ ಟಬ್ಬಿನ ನೀರಿಗೆ ಸುರಿದು ಕಲಕಿ. ಸೊಳ್ಳೆ ಪರದೆಯ ಜಾಲರಿ ಬಿಗಿದ ಕಟ್ಟಿಗೆ ಚೌಕಟ್ಟು ಅದರೊಳಗೆ ಮುಳುಗಿಸಿ, ಅಡ್ಡಡ್ಡ ಹಿಡಿದು ಮೇಲೆತ್ತಿ. ನೀರು ಸೋರಿ ಹೋಗುತ್ತದೆ, ಮೇಲೆ ತೆಳ್ಳಗೆ ನಾರು ಕೂತಿರುತ್ತದೆ. ಹತ್ತಿ ಬಟ್ಟೆಯ ಮೇಲೆ ಮಗುಚಿ, ಒತ್ತಿ, ಒಣಗಿಸಿ. ಅಂಟು ಗಿಂಟು ಏನೂ ಬೇಡ, ನೀರು ಆರುತ್ತಾ ಹೋದ ಹಾಗೆ ನಾರುಗಳೇ ಒಂದನ್ನೊಂದು ಹಿಡಿದುಕೊಳ್ಳುತ್ತವೆ. ಅಷ್ಟು ದೊಡ್ಡ ಮಿಲ್ಲಿನೊಳಗೂ ನಡೆಯೋದು ಇದೇ ಕಣ್ರೀ. ಯಂತ್ರದ ಜಾಲರಿಗೆ ಬೀಳುವಾಗ ಆ ಗಂಜಿಯಲ್ಲಿ 100ಕ್ಕೆ 99 ಭಾಗ ನೀರೇ. ಅದರ ಮುಂದಿನ ಅಷ್ಟುದ್ದದ ಯಂತ್ರ ಇರೋದೆಲ್ಲ ಆ ನೀರನ್ನ ಸೋಸಿ, ಹಿಂಡಿ, ಒಣಗಿಸೋಕೆ. ನಮ್ಮ ಮನೆಯಂಗಳದ ಹಾಳೆ ಹಪ್ಪಳದಷ್ಟು ದಪ್ಪ ಬರುತ್ತದೆ, ಪೆನ್ನು ಇಟ್ಟರೆ ಶಾಯಿ ಹರಡುತ್ತದೆ. ಆದರೂ ಮಗು ಅದರ ಮೇಲೆ ತನ್ನ ಹೆಸರು ಬರೆದು ಗೋಡೆಗೆ ಅಂಟಿಸುತ್ತದೆ ನೋಡಿ, ಅಂಗಡಿಯ ಹಾಳೆಗೆ ಆ ಭಾಗ್ಯ ಎಲ್ಲಿ?

ಹಾಗೆ ಯೋಚನೆ ಮಾಡುತ್ತಾ ಹೋದರೆ ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಅಂತ ನಮ್ಮ ನಾಲ್ಕು ತಾಲೂಕಿನಲ್ಲಿ ಓಕ್‌ಲ್ಯಾಂಡಿನವರ ಹಾಗೆ ತಿಂಗಳಿಗೊಂದು ಸಂಜೆ ಮಾಡಿದರೂ ವರ್ಷ ಸಾಲೋದಿಲ್ಲ. ಕೌದಿಯ ಸಂಜೆ ಒಂದು ಆಗಲಿ. ಹಳಿಯಾಳ, ಮುಂಡಗೋಡದ ಕಡೆ ಸಿದ್ದಿ ಹೆಂಗಸರು ಹೊಲಿಯುವ ಕೌದಿ ನೋಡಿದ್ದೀರಲ್ಲ. ಹಳೇ ಸೀರೆ, ಹರಿದ ಅಂಗಿ, ಶಾಲೆಯ ಯೂನಿಫಾರ್ಮು ಎಲ್ಲ ಅದರಲ್ಲಿ. ಅಮೆರಿಕದ ಕಲಾ ಸಂಗ್ರಹಾಲಯದ ಗೋಡೆಗೂ ಏರಿ ಬಂದಿವೆ ಅವು. ನಾವು ಅದನ್ನೇ ಹೊದ್ದು ಮಲಗಿದವರು, ಗೋಡೆಗೆ ಹಾಕಬೇಕು ಅಂತ ಹೊಳೆಯಲೇ ಇಲ್ಲ, ಅಲ್ವಾ? ಅವರು ಹೊಲಿಗೆ ಹಾಕುವ ರೀತಿ ಚೆಂದ. ಮೂಲೆಯಿಂದ ಶುರುಮಾಡಿ ಅಂಚಿನಗುಂಟ ಸುತ್ತು ಹಾಕುತ್ತಾ ಒಳಗೊಳಗೆ ಬಂದು ನಡುವೆ ಮುಗಿಸುತ್ತಾರೆ. ನಾಲ್ಕು ಮೂಲೆಗೆ ಬಟ್ಟೆ ಮಡಿಚಿ ಮಾಡಿದ ತ್ರಿಕೋನದ ಹೂ, ಅದಕ್ಕೆ ಫೂಲಾ ಅಂತಾರೆ. ಅದಿಲ್ಲದಿದ್ದರೆ ಕೌದಿ ಬೋಳು ಬೋಳು. ನಮ್ಮ ಧಾರವಾಡದ ಕಡೆಯ ಅಜ್ಜಿಯರಲ್ಲಿ ಕೆಲವರು ಕೊನೆಯ ಹೊಲಿಗೆಗೆ ಮುಂಚೆ ಕೌದಿಯೊಳಗೆ ಒಂದು ಚೂರು ರೊಟ್ಟಿ ಇಡುತ್ತಿದ್ದರು, ಕೌದಿ ಹಸಿದಿರಬಾರದು ಅಂತ. ಇರುವೆಗಳಿಗೆ ಯಾರು ಸುದ್ದಿ ಕೊಡುತ್ತಿದ್ದರೋ ಗೊತ್ತಿಲ್ಲ.

ಮುಂಡಗೋಡದ ಕ್ಯಾಂಪಿನ ಲಾಮಾಗಳಿಗೆ ಒಂದು ಸಂಜೆ ಬಿಟ್ಟುಕೊಡಬೇಕು. 1966ರಲ್ಲಿ ಕಾಡಂಚಿಗೆ ಬಂದು ನೆಲೆಸಿದ ಟಿಬೆಟಿನವರು ಈಗ ನಮ್ಮ ಕಡೆಯವರೇ ಆಗಿದ್ದಾರೆ. ಲೋಸಾರ್ ಹಬ್ಬದ ದಿನಗಳಲ್ಲಿ ಅವರು ಬೆಣ್ಣೆಯಿಂದ ಮಾಡುವ ಹೂ, ಚಕ್ರ, ದೇವರ ಮೂರ್ತಿ ಇದೆಯಲ್ಲ, ಅದು ನಿಜವಾದ ಪವಾಡ. ಬೆರಳಿನ ಬಿಸಿಗೇ ಬೆಣ್ಣೆ ಕರಗುತ್ತದೆ ಅಂತ ಆಗಾಗ ಕೈಯನ್ನ ತಣ್ಣೀರಿನಲ್ಲಿ ಅದ್ದಿ ಅದ್ದಿ ಕೆಲಸ ಮಾಡಬೇಕಂತೆ. ಟಿಬೆಟಿನ ಹಿಮದಲ್ಲಿ ಹುಟ್ಟಿದ ಕಲೆ ಅದು. ಅದನ್ನ ಮುಂಡಗೋಡದ ಸೆಕೆಯಲ್ಲಿ ಮಾಡುತ್ತಾರೆ ನೋಡಿ. ಇಲ್ಲಿ ನಾವು ಫ್ರಿಜ್ಜಿನಿಂದ ಬೆಣ್ಣೆ ತೆಗೆದು ರೊಟ್ಟಿಗೆ ಹಚ್ಚುವಷ್ಟರಲ್ಲಿ ಅರ್ಧ ತಟ್ಟೆಗೆ ಇಳಿದಿರುತ್ತದೆ! ಇನ್ನು ಮರಳಿನ ಮಂಡಲ. ಗೆರೆ ಗೆರೆ ಇರುವ ಉದ್ದನೆಯ ಲೋಹದ ಕೊಳವೆಗೆ ಬಣ್ಣದ ಮರಳು ತುಂಬಿ, ಇನ್ನೊಂದು ಕೋಲಿನಿಂದ ಅದರ ಮೈ ಗೀಚುತ್ತಾರೆ. ಗೀಚಿದ ನಡುಕಕ್ಕೆ ಮರಳು ಎಳೆಯಾಗಿ ಇಳಿಯುತ್ತದೆ. ನಮ್ಮ ರಂಗೋಲಿ ಹಾಕುವ ಹೆಂಗಸರನ್ನ ಅಲ್ಲಿ ಕೂರಿಸಿ ನೋಡಬೇಕು, ಕೊಳವೆ ಯಾಕೆ, ಚಿಟಿಕೆ ಸಾಲದೇ ಅಂತ ಒಂದು ವಾದ ಖಂಡಿತ.

ಜೋಯಿಡಾದವರಿಗೆ ನಾವು ಏನೂ ಹೇಳಿಕೊಡಬೇಕಿಲ್ಲ. ಕುಣಬಿಗಳ ಗೆಡ್ಡೆ ಗೆಣಸು ಮೇಳಕ್ಕೆ ಹೋಗಿ ಬಂದವರು ಮೂರು ದಿನ ಅದೇ ಮಾತಾಡುತ್ತಾರೆ, ಆ ಒಂದೊಂದು ಗೆಡ್ಡೆಯ ಗಾತ್ರ ಕೈಯಲ್ಲಿ ತೋರಿಸುತ್ತಾ. ಬುಟ್ಟಿ ಹೆಣೆಯುವವರೂ ಅಲ್ಲೇ ಇದ್ದಾರೆ. ಬಿದಿರು ಸೀಳುವ ಒಂದು ಸಂಜೆ ಆ ಕಡೆಗೇ ಇರಲಿ.

ಮರದ ಸಂಜೆ ಮಾತ್ರ ನಮ್ಮ ದಾಂಡೇಲಿಯ ಟಿಂಬರ್ ಡಿಪೋದ ಹತ್ತಿರ ಆಗಬೇಕು. ಕೆಳಗೆ ಸಾಗವಾನಿಯ ದಿಮ್ಮಿ ಸಾಲು ಸಾಲು, ಮೇಲೆ ಮರದಲ್ಲಿ ಮಂಗಟ್ಟೆ ಹಕ್ಕಿ. ಅದರ ಹೆಸರಲ್ಲಿ ಅರಣ್ಯ ಇಲಾಖೆಯವರು 2018ರಲ್ಲಿ ಹಬ್ಬವನ್ನೇ ಮಾಡಿದರು. ನನ್ನ ಕೇಳಿದರೆ ಆ ಹಕ್ಕಿಯನ್ನೂ ಕುಶಲಕರ್ಮಿಗಳ ಪಟ್ಟಿಗೆ ಸೇರಿಸಬೇಕು. ಮರದ ಪೊಟರೆಯೊಳಗೆ ಹೆಣ್ಣು ಹಕ್ಕಿ ಕೂತು ಬಾಗಿಲನ್ನ ಒಳಗಿಂದಲೇ ಗಾರೆ ಮಾಡಿ ಮುಚ್ಚಿಕೊಳ್ಳುತ್ತದೆ. ಗಾರೆಗೆ ಸಿಮೆಂಟು ಯಾವುದು ಅಂತೀರಾ? ಅದರದೇ ಹಿಕ್ಕೆ. ಕೊಕ್ಕು ಹೋಗುವಷ್ಟು ಒಂದು ಸೀಳು ಬಿಟ್ಟಿರುತ್ತದೆ, ಗಂಡು ಅತ್ತಿ ಹಣ್ಣು, ಆಲದ ಹಣ್ಣು ತಂದು ತಂದು ಆ ಸೀಳಿನಲ್ಲಿ ಕೊಡಬೇಕು, ವಾರಗಟ್ಟಲೆ. ನಿಮ್ಮ ಯಜಮಾನರಿಗೆ ಇದನ್ನ ಹೇಳಿದಾಗ ಅವರು ಮಾತು ಬದಲಾಯಿಸಿದರು, ಗಮನಿಸಿದ್ರಾ?

ಇದೆಲ್ಲ ಕೇಳಿ ಕೆಲವರು ಇಂಥ ಜಾಗ ಬೆಂಗಳೂರಿನಲ್ಲಿ ಇದೆಯಲ್ಲ ಅಂತಾರೆ. ಇದೆ. ಹಲಸೂರು ಮೆಟ್ರೋ ನಿಲ್ದಾಣದ ಕೆಳಗೇ ವರ್ಕ್‌ಬೆಂಚ್ ಪ್ರಾಜೆಕ್ಟ್ಸ್ ಅಂತ ಒಂದು ಕಾರ್ಯಾಗಾರ ಮಾಡಿದರು, ರೈಲು ಇಳಿದವರು ನೇರ ಹೋಗಿ ಮರ ಕೊರೆಯಬಹುದು ಅನ್ನೋ ಹಾಗೆ. ಒಳ್ಳೇದೇ. ಶಾಲೆಗಳಿಗೆ ಸರ್ಕಾರದಿಂದ ಅಟಲ್ ಟಿಂಕರಿಂಗ್ ಲ್ಯಾಬ್ ಅಂತ 2016ರಿಂದ ಬಂದಿವೆ, ಒಂದೊಂದಕ್ಕೆ 20 ಲಕ್ಷದವರೆಗೆ ದುಡ್ಡು. ನಾನು ನೋಡಿದ ಒಂದು ಲ್ಯಾಬಿನಲ್ಲಿ ಯಂತ್ರಕ್ಕೆ ಹೊದಿಸಿದ ಪ್ಲಾಸ್ಟಿಕ್ ಇನ್ನೂ ತೆಗೆದಿರಲಿಲ್ಲ, ಹಾಳಾಗುತ್ತದೆ ಅಂತ. ಮುಟ್ಟಿದರೆ ಹಾಳು, ಮುಟ್ಟದಿದ್ದರೆ ಇಲಿ. ಎರಡರಲ್ಲಿ ಇಲಿಯೇ ವಾಸಿ ಅಂತ ತೀರ್ಮಾನ ಆಗಿರಬೇಕು.

ನಮ್ಮಲ್ಲಿ ಜಾಗಕ್ಕೇನು ಬರ ಇಲ್ಲ. ಹಳಿಯಾಳದಲ್ಲಿ ಕೆನರಾ ಬ್ಯಾಂಕ್ ದೇಶಪಾಂಡೆ ಆರ್‌ಸೆಟಿ ಇದೆ, ಹಳ್ಳಿಯ ಹುಡುಗರಿಗೆ ಊಟ, ವಸತಿ ಕೊಟ್ಟು ಪುಕ್ಕಟೆ ಕೆಲಸ ಕಲಿಸುತ್ತಾರೆ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದವರು ಎರಡು ಬ್ಯಾಂಕುಗಳ ಜತೆ ಸೇರಿ ರುಡ್‌ಸೆಟಿ ಶುರುಮಾಡಿದ್ದು ನೋಡಿಯೇ ದೇಶದ ತುಂಬ ಇಂಥವು ಹುಟ್ಟಿದ್ದು. ಹಳಿಯಾಳದಲ್ಲೇ ಇಂಜಿನಿಯರಿಂಗ್ ಕಾಲೇಜೂ ಇದೆ. ಹಗಲೆಲ್ಲ ಕಲಿಯುವವರಿಗೆ ಇರಲಿ, ತಿಂಗಳಲ್ಲಿ ಒಂದು ಸಂಜೆ ಎರಡು ತಾಸು ಊರವರಿಗೆ ಬಾಗಿಲು ತೆರೆದರೆ ಏನು ಗಂಟು ಹೋಗುತ್ತದೆ? ಸರ್ಟಿಫಿಕೇಟು ಬೇಡ, ಉದ್ಘಾಟನೆ ಬೇಡ, ಶಾಲು ಹಾರ ಅಂತೂ ಬೇಡವೇ ಬೇಡ. ಲೇತಿನ ಹತ್ತಿರ ಸಡಿಲು ಬಟ್ಟೆ ಬಂದರೆ ಎಳೆದುಕೊಳ್ಳುತ್ತದೆ, ಶಾಲು ಹೊದಿಸಿಕೊಂಡ ಮುಖ್ಯ ಅತಿಥಿಗೇ ಮೊದಲು ಅಪಾಯ! ಹೆಂಗಸರು ಸೆರಗು ಸಿಕ್ಕಿಸಿಕೊಂಡು ಬನ್ನಿ, ಹುಡುಗಿಯರು ಕೂದಲು ಕಟ್ಟಿಕೊಂಡು ಬನ್ನಿ, ಚಪ್ಪಲಿ ಬದಲು ಬೂಟು ಹಾಕಿಕೊಳ್ಳಿ ಅಂತ ಬಾಗಿಲಲ್ಲಿ ಒಂದು ಹಲಗೆ ತೂಗುಹಾಕಿದರೆ ಮುಗಿಯಿತು.

ಏನಾದರೂ ಆದರೆ ಯಾರು ಜವಾಬ್ದಾರಿ ಅಂತ ಕೇಳುವವರು ಇರುತ್ತಾರೆ, ನನಗೆ ಗೊತ್ತು. ಆ ಪ್ರಶ್ನೆ ಸಣ್ಣದೂ ಅಲ್ಲ. ಆದರೆ ಬಿದಿರು, ಕಾಗದ, ಸಿಡಿಮದ್ದು ಸೇರಿಸಿ ಅಷ್ಟು ಜನರ ನಡುವೆ ಹತ್ತು ತಲೆಯವನನ್ನ ವರ್ಷ ವರ್ಷ ಸುಡುವ ಊರು ಇದು. ಹಗ್ಗ ಕಟ್ಟಿ ಮಂದಿಯನ್ನ ದೂರ ನಿಲ್ಲಿಸೋದು, ಅಗ್ನಿಶಾಮಕದವರನ್ನ ಕರೆಸೋದು ನಮಗೆ ಬಾರದ ವಿದ್ಯೆಯೇನಲ್ಲ. ಒಂದು ಜಾಲರಿ ಚೌಕಟ್ಟಿಗೆ, ಒಂದು ಸೂಜಿಗೆ, ಕಪ್ಪು ಗಾಜಿನ ಒಂದು ಮುಖವಾಡಕ್ಕೆ ಇಷ್ಟು ಹೆದರಿದರೆ ಹೇಗೆ?

ದೊಡ್ಡ ಸಂಸ್ಥೆಯವರು ಯೋಚನೆ ಮಾಡಿ, ಮೀಟಿಂಗ್ ಮಾಡಿ, ಬಾಗಿಲು ತೆರೆಯುವಾಗ ತೆರೆಯಲಿ. ಅಲ್ಲಿಯತನಕ ನಿಮ್ಮ ಮೈದುನನಿಗೆ ಒಂದು ಮಾತು ಹೇಳಿ ನೋಡಿ ವೈನಿ. ಬರುವ ತಿಂಗಳು ಯಾವುದಾದರೂ ಶನಿವಾರ ಸಂಜೆ ಶಟರ್ ಎತ್ತಿರಲಿ, ಯಂತ್ರ ಓಡುತ್ತಿರಲಿ. ಮಕ್ಕಳನ್ನ ನಾನು ಕರೆತರುತ್ತೇನೆ. ಮೊದಲ ಸಂಜೆ ಕಾಗದದ್ದೇ ಆಗಲಿ ಅಂತ ನನ್ನ ಆಸೆ. ಹಳೇ ನೋಟ್‌ಬುಕ್ಕು, ಜಾಲರಿ, ಟಬ್ಬು ಎಲ್ಲ ನನ್ನದು. ಮಿಕ್ಸರ್ ಮಾತ್ರ ನಿಮ್ಮ ಮನೆಯದು ಕೊಡಿ, ನಮ್ಮ ಮನೆಯಲ್ಲಿ ಕೇಳೋ ಧೈರ್ಯ ನನಗಿಲ್ಲ.